ಮಡಿಲಲ್ಲಿ ಮೊರ

ನಮ್ಮ ಮೊಹಲ್ಲಾದ ಪ್ರತಿ ಮನೆಯಲ್ಲೂ ಎರಡು ಮೊರಗಳಿರುತ್ತಿದ್ದವು. ಒಂದು ಅಕ್ಕಿ ಕೇರುವುದಕ್ಕೆ, ಇನ್ನೊಂದು ಬೀಡಿ ಕಟ್ಟುವುದಕ್ಕೆ. ಅಕ್ಕಿಯ ಮೊರ ದಿನಕ್ಕೆ ಅರ್ಧ ಗಂಟೆ ದುಡಿದು ಗೋಡೆಯ ಮೊಳೆಗೆ ಹೋಗಿ ನೇತಾಡಿಕೊಳ್ಳುತ್ತಿತ್ತು. ಬೀಡಿಯ ಮೊರಕ್ಕೆ ಆ ಭಾಗ್ಯವಿರಲಿಲ್ಲ. ಫಜರ್ ನಮಾಜು ಮುಗಿದ ಮೇಲೆ ಹೆಂಗಸರ ಮಡಿಲಿಗೆ ಏರಿದರೆ ರಾತ್ರಿ ಮಕ್ಕಳು ಮಲಗಿದ ಮೇಲೆಯೂ ಅದು ಅಲ್ಲೇ ಇರುತ್ತಿತ್ತು. ಅದರೊಳಗೆ ಹಿಂದಿನ ರಾತ್ರಿ ನೀರು ಚಿಮುಕಿಸಿ ಮೆತ್ತಗಾಗಿಸಿ, ಅಳತೆಗೆ ಕತ್ತರಿಸಿಟ್ಟ ಎಲೆ, ಒಂದು ಪಕ್ಕಕ್ಕೆ ಹೊಗೆಸೊಪ್ಪಿನ ಪುಡಿ, ದಾರದ ಉಂಡೆ, ಒಂದು ಸಣ್ಣ ಕತ್ತರಿ. ಎಲೆ ತೆಗೆದು ಚಿಟಿಕೆ ಸೊಪ್ಪು ಹಾಕಿ ಸುರುಳಿ ಸುತ್ತಿ, ತುದಿ ಮಡಿಸಿ, ದಾರ ಸುತ್ತಿ ಇಡುವುದರೊಳಗೆ ಮಾತು ಒಂದು ವಾಕ್ಯವೂ ಮುಂದೆ ಹೋಗಿರುತ್ತಿರಲಿಲ್ಲ. ಹಾಗೆ ಸಾವಿರ ಸಲ ಮಾಡಿದರೆ ಒಂದು ದಿನ ಮುಗಿಯಿತು.

ಆ ಮೊರದ ಅನ್ನ ಉಂಡು ಬೆಳೆದವಳು ನಾನು. ಉರ್ದು ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿ ಆಮೇಲೆ ಕನ್ನಡ ಹೈಸ್ಕೂಲಿಗೆ ಸೇರಿದಾಗ ನನ್ನ ಫೀಜು, ಸಮವಸ್ತ್ರ, ನೋಟುಪುಸ್ತಕ ಎಲ್ಲವೂ ಅಮ್ಮಿಯ ಬೀಡಿ ದುಡ್ಡಿನಿಂದಲೇ ಬಂದವು. ಅಬ್ಬಾನ ದುಡಿಮೆ ಅಕ್ಕಿಗೆ ಮತ್ತು ಬಾಡಿಗೆಗೆ ಸರಿಹೋಗುತ್ತಿತ್ತು. ‘ಹುಡುಗಿಗೆ ಇಷ್ಟು ಓದು ಸಾಕು’ ಎಂದು ಹಿರಿಯರು ತೀರ್ಮಾನ ಹೇಳಿದಾಗ ಅಮ್ಮಿ ಎದುರು ಮಾತಾಡಲಿಲ್ಲ. ಶನಿವಾರದ ಬಟವಾಡೆಯ ದುಡ್ಡು ತಂದು ನನ್ನ ಕೈಗೆ ಕೊಟ್ಟು, ‘ಹೋಗಿ ಹೆಸರು ಬರೆಸಿ ಬಾ’ ಎಂದರು. ಆದ್ದರಿಂದ ಮುಂದೆ ನಾನು ಬೀಡಿಯ ಕೆಲಸದ ಬಗ್ಗೆ ಏನು ಬರೆದರೂ ಹೆಣ್ಣು ದುಡಿಯಬಾರದು ಎಂಬ ವಾದವಾಗಿ ಅದನ್ನು ಯಾರೂ ಓದಬಾರದು. ಹೆಣ್ಣಿನ ದುಡಿಮೆ ಒಂದು ಮನೆಯಲ್ಲಿ ಏನೇನು ಬದಲಾಯಿಸಬಲ್ಲದು ಎಂಬುದಕ್ಕೆ ಈ ಲೇಖನ ಬರೆಯುತ್ತಿರುವ ಕೈಯೇ ಸಾಕ್ಷಿ.

ನನ್ನನ್ನು ಬಹಳ ದಿನಗಳಿಂದ ಕಾಡುತ್ತಿರುವ ಪ್ರಶ್ನೆ ಬೇರೆ. ಬಸುರಿಯಾದಾಗ ಈ ಮೊರ ಏಕೆ ಕೆಳಗಿಳಿಯಲಿಲ್ಲ?

ಬಸುರಿ ಹೆಂಗಸರ ಬಗ್ಗೆ ನಮ್ಮ ಬೀದಿಯಲ್ಲಿ ಕಾಳಜಿ ಇರಲಿಲ್ಲ ಎಂದಲ್ಲ. ಹುಣಿಸೆ ಮರದ ಕೆಳಗೆ ಹೋಗಬೇಡ, ಮಗ್ರಿಬ್ ಹೊತ್ತಿಗೆ ಹೊಸಿಲ ಮೇಲೆ ನಿಲ್ಲಬೇಡ, ಗ್ರಹಣ ಹಿಡಿದಾಗ ಕತ್ತರಿ ಮುಟ್ಟಬೇಡ ಎಂದು ನೂರೆಂಟು ಬೇಡಗಳಿದ್ದವು. ಏಳನೆಯ ತಿಂಗಳಲ್ಲಿ ಹಸಿರು ಬಳೆ ತೊಡಿಸಿ, ಮಡಿಲಿಗೆ ಹಣ್ಣು ಹಾಕಿ ಸಂಭ್ರಮಿಸುತ್ತಿದ್ದರು. ಮರುದಿನ ಬೆಳಿಗ್ಗೆ ಅದೇ ಮಡಿಲಿಗೆ ಮೊರ ಬರುತ್ತಿತ್ತು. ಹೊಟ್ಟೆ ಮುಂದೆ ಬಂದಂತೆಲ್ಲ ಮೊರ ಮೊಣಕಾಲಿನ ಕಡೆಗೆ ಸರಿಯುತ್ತಿತ್ತು. ಅದನ್ನು ಎಟುಕಿಸಿಕೊಳ್ಳಲು ಬೆನ್ನು ಇನ್ನಷ್ಟು ಬಾಗುತ್ತಿತ್ತು. ಗ್ರಹಣದ ಎರಡು ಗಂಟೆ ಕತ್ತರಿ ಮುಟ್ಟಬಾರದೆಂದು ಹೇಳುತ್ತಿದ್ದ ಹಿರಿಯರಿಗೆ ಉಳಿದ ಒಂಬತ್ತು ತಿಂಗಳು ಅವಳ ಕೈಯಲ್ಲಿರುತ್ತಿದ್ದ ಕತ್ತರಿ ಕಾಣಿಸುತ್ತಿರಲಿಲ್ಲ. ಬಸುರಿಗೂ ಬಾಣಂತಿಗೂ ರೋಜಾದಿಂದ ವಿನಾಯಿತಿ ಉಂಟು, ಆಮೇಲೆ ತೀರಿಸಿಕೊಳ್ಳಬಹುದು. ಆದರೆ ಸಾವಿರ ಬೀಡಿಯ ಲೆಕ್ಕದಿಂದ ಯಾರೂ ಅವಳಿಗೆ ವಿನಾಯಿತಿ ಕೊಟ್ಟದ್ದನ್ನು ನಾನು ನೋಡಲಿಲ್ಲ.

ನನ್ನ ಛೋಟಿ ಖಾಲಾ, ಅಂದರೆ ಅಮ್ಮಿಯ ಕೊನೆಯ ತಂಗಿ, ಹದಿನೆಂಟಕ್ಕೆ ಮದುವೆಯಾಗಿ ನಮ್ಮ ಬೀದಿಯಲ್ಲೇ ನಾಲ್ಕು ಮನೆ ಆಚೆಗೆ ಸೊಸೆಯಾಗಿ ಹೋದರು. ಬೆರಳಿನ ಚುರುಕಿಗೆ ಹೆಸರಾಗಿದ್ದವರು. ಹೆಣ್ಣು ನೋಡಲು ಬಂದ ಅವರ ಅತ್ತೆ ಮೊದಲು ವಿಚಾರಿಸಿದ್ದೇ ‘ದಿನಕ್ಕೆ ಎಷ್ಟು ಕಟ್ಟುತ್ತಾಳೆ?’ ಎಂದು. 1989ರ ಸುಮಾರು ಅವರು ಮೊದಲ ಸಲ ಬಸುರಿಯಾದರು. ವಾಂತಿ, ತಲೆಸುತ್ತು, ಊಟ ಸೇರದು. ಏಳನೆಯ ತಿಂಗಳಲ್ಲಿ ಒಂದು ದಿನ ಮಗು ಹೊಟ್ಟೆಯಲ್ಲಿ ಅಲುಗಾಡುತ್ತಿಲ್ಲ ಎಂದು ಅಮ್ಮಿಯ ಹತ್ತಿರ ಬಂದು ಕೂತರು. ಮರುದಿನ ದಾಯಿ ಬಂದಳು. ಹುಟ್ಟಿದ್ದು ಉಸಿರಿಲ್ಲದ ಗಂಡು ಮಗು. ‘ಬಚ್ಚಾ ಅಂದರ್‌ಚ್ ಸೂಕ್ ಗಯಾ’ ಎಂದಳು ದಾಯಿ. ಮಗು ಒಳಗೇ ಒಣಗಿಹೋಯಿತಂತೆ. ಹತ್ತು ವರ್ಷದ ನನಗೆ ಆ ಮಾತು ಅರ್ಥವಾಗದೆ ಬಹಳ ದಿನ ಹೆದರಿಸಿತು. ಮಗು ಒಣಗುವುದು ಎಂದರೆ ಏನು? ಬಿಸಿಲಿಗೆ ಹಾಕಿದ ಬೀಡಿ ಎಲೆಯ ಹಾಗೆಯೇ?

ಎರಡು ವರ್ಷದ ಮೇಲೆ ಇನ್ನೊಂದು ಹೆಣ್ಣು ಮಗು, ಈ ಸಲ ಸರಕಾರಿ ಆಸ್ಪತ್ರೆಯಲ್ಲಿ. ತೂಕ ಒಂದೂ ಮುಕ್ಕಾಲು ಕೇಜಿ. ಹತ್ತಿಯಲ್ಲಿ ಸುತ್ತಿಟ್ಟ ಆ ಕೂಸನ್ನು ಅಂಗೈಯಲ್ಲಿ ಹಿಡಿಯಬಹುದಿತ್ತು. ನಾನಿ ರಾತ್ರಿಯಿಡೀ ಎದೆಗವಚಿಕೊಂಡು ಕೂತು ಅದನ್ನು ಉಳಿಸಿದರು. ಹನ್ನೆರಡನೆಯ ದಿನಕ್ಕೆ ಖಾಲಾ ಮತ್ತೆ ಮೊರದ ಮುಂದೆ. ನಲವತ್ತು ದಿನದ ಚಿಲ್ಲಾ ಮುಗಿಯುವವರೆಗೆ ಬಾಣಂತಿ ನೀರು ಮುಟ್ಟಬಾರದು, ಹೊಸಿಲು ದಾಟಬಾರದು. ಆದರೆ ಬೀಡಿ ಕಟ್ಟುವುದಕ್ಕೆ ಹೊಸಿಲು ದಾಟಬೇಕಾಗಿಯೇ ಇಲ್ಲವಲ್ಲ! ತೊಟ್ಟಿಲ ಹಗ್ಗವನ್ನು ಕಾಲಿನ ಹೆಬ್ಬೆರಳಿಗೆ ಕಟ್ಟಿಕೊಂಡು, ಕೈ ಬೀಡಿ ಸುತ್ತುತ್ತಿದ್ದರೆ ಕಾಲು ಮಗುವನ್ನು ತೂಗುತ್ತಿತ್ತು. ನೋಡಿದವರೆಲ್ಲ ‘ಎಷ್ಟು ಗಟ್ಟಿಗಿತ್ತಿ’ ಎಂದು ಹೊಗಳುತ್ತಿದ್ದರು. ಹೊಗಳಿಕೆಗೆ ಖರ್ಚಿಲ್ಲ.

ಮೊದಲ ಮಗು ಸತ್ತದ್ದು ಯಾಕೆ ಎಂಬುದಕ್ಕೆ ಬೀದಿಯಲ್ಲಿ ಹಲವು ಉತ್ತರಗಳಿದ್ದವು. ನಜರ್ ತಗುಲಿತು, ಹುಣಿಸೆ ಮರದ ಹತ್ತಿರ ಹೋಗಿದ್ದಳು, ನಸೀಬು. ಮೊರದ ಹೆಸರನ್ನು ಯಾರೂ ಎತ್ತಲಿಲ್ಲ. ಇಷ್ಟು ವರ್ಷದ ಮೇಲೆ ನಾನೂ ಹೊಗೆಸೊಪ್ಪೇ ಕೊಂದಿತು ಎಂದು ಆಣೆ ಮಾಡಿ ಹೇಳಲಾರೆ. ಒಂದು ಮಗುವಿನ ಸಾವಿಗೆ ಒಂದೇ ಕಾರಣ ಹಚ್ಚುವುದು ವೈದ್ಯರಿಗೂ ಕಷ್ಟ. ರಕ್ತಹೀನತೆ, ರಕ್ತದೊತ್ತಡ, ಸೋಂಕು, ಹೊಟ್ಟೆಗೆ ಸಾಲದ ಊಟ ಎಲ್ಲವೂ ಬಡವರ ಮನೆಯಲ್ಲಿ ಒಟ್ಟಿಗೇ ವಾಸ ಮಾಡುತ್ತವೆ. ಆದರೆ ಒಬ್ಬ ತಾಯಿಯ ವಿಷಯದಲ್ಲಿ ಹೇಳಲಾಗದ್ದನ್ನು ಸಾವಿರಾರು ತಾಯಂದಿರ ಲೆಕ್ಕ ಹೇಳಬಲ್ಲದು. ಆ ಲೆಕ್ಕಗಳನ್ನು ಓದತೊಡಗಿದ ಮೇಲೆ ನನಗೆ ನಮ್ಮ ಬೀದಿ ಬೇರೆಯೇ ರೀತಿ ಕಾಣತೊಡಗಿತು.

ಹೊಗೆಸೊಪ್ಪಿನಲ್ಲಿರುವ ನಿಕೊಟಿನ್ ದೇಹಕ್ಕೆ ಸೇರಲು ಸೇದಲೇಬೇಕೆಂದಿಲ್ಲ. ಅದು ಚರ್ಮದ ಮೂಲಕ ಇಳಿಯುತ್ತದೆ, ಧೂಳಿನೊಂದಿಗೆ ಮೂಗಿಗೂ ಬಾಯಿಗೂ ಹೋಗುತ್ತದೆ. ತಂಬಾಕಿನ ಗದ್ದೆಯಲ್ಲಿ ಹಸಿ ಎಲೆ ಕೊಯ್ಯುವವರಿಗೆ ವಾಕರಿಕೆ, ವಾಂತಿ, ತಲೆಸುತ್ತು ಬರುವುದನ್ನು ವೈದ್ಯಶಾಸ್ತ್ರ ಒಂದು ಕಾಯಿಲೆಯೆಂದೇ ಗುರುತಿಸಿದೆ. ವಾಕರಿಕೆ, ವಾಂತಿ, ತಲೆಸುತ್ತು! ಬಸುರಿಯ ಲಕ್ಷಣಗಳೂ ಇವೇ ಅಲ್ಲವೇ? ಬೀಡಿ ಕಟ್ಟುವ ಬಸುರಿ ವಾಂತಿ ಮಾಡಿಕೊಂಡರೆ ‘ಮೂರನೆಯ ತಿಂಗಳು, ಸಹಜ’ ಎನ್ನುತ್ತಾರೆ. ಅದರಲ್ಲಿ ಮಗುವಿನದೆಷ್ಟು, ಮೊರದ್ದೆಷ್ಟು ಎಂದು ಬೇರ್ಪಡಿಸಿ ಯಾರು ನೋಡುತ್ತಾರೆ? ನಿಕೊಟಿನ್ ಗರ್ಭಕೋಶದ ಮಾಸನ್ನು ದಾಟಿ ಮಗುವಿನ ರಕ್ತಕ್ಕೂ ಹೋಗುತ್ತದೆ, ಹೆತ್ತ ಮೇಲೆ ಎದೆಹಾಲಿನಲ್ಲೂ ಬರುತ್ತದೆ. ಮಗುವಿಗೆ ಅನ್ನ ಉಸಿರು ಒಯ್ಯುವ ರಕ್ತನಾಳಗಳನ್ನು ಅದು ಬಿಗಿ ಮಾಡುತ್ತದೆ.

ಸಿಗರೇಟು ಸೇದುವ ತಾಯಂದಿರ ಮಕ್ಕಳು ಕಡಿಮೆ ತೂಕದಲ್ಲಿ ಹುಟ್ಟುತ್ತಾರೆಂಬುದು ಹಳೆಯ ಮಾತು. ನಮ್ಮ ಹೆಂಗಸರು ಸೇದುವವರಲ್ಲ. ಆದರೆ 2004ರಲ್ಲಿ ಮುಂಬಯಿಯ ಸುಮಾರು 1,200 ಬಸುರಿಯರ ಅಧ್ಯಯನವೊಂದು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಅದು ಹೊಗೆಯಿಲ್ಲದ ತಂಬಾಕನ್ನು, ಅಂದರೆ ಜಗಿಯುವ, ಹಲ್ಲಿಗೆ ಉಜ್ಜುವ ತಂಬಾಕನ್ನು ಬಳಸುವವರ ಕುರಿತದ್ದು. ಅಂಥ ತಾಯಂದಿರ ಮಕ್ಕಳು ಸರಾಸರಿ 105 ಗ್ರಾಂ ಕಡಿಮೆ ತೂಗಿದವು. ಅವಧಿಗೆ ಮುಂಚಿನ ಹೆರಿಗೆಯೂ ಅವರಲ್ಲಿ ಹೆಚ್ಚಾಗಿತ್ತು. ಹೊಗೆ ಇಲ್ಲದಿದ್ದರೂ ಸೊಪ್ಪು ತನ್ನ ಕೆಲಸ ಮಾಡುತ್ತದೆ ಎಂದಾಯಿತು. ಜಗಿಯುವವಳ ಲೆಕ್ಕವನ್ನು ಕಟ್ಟುವವಳಿಗೆ ಹಾಗೆಯೇ ಹಚ್ಚಲಾಗದು, ನಿಜ. ಆದರೆ ಹಲ್ಲುನೋವಿಗೆಂದು ಶುರುವಾಗಿ, ನಿದ್ದೆ ತಡೆಯಲೆಂದು ಮುಂದುವರಿದು, ಮೊರದ ಸೊಪ್ಪಿನಿಂದಲೇ ಚಿಟಿಕೆ ತೆಗೆದು ದವಡೆಗಿಟ್ಟುಕೊಳ್ಳುತ್ತಿದ್ದ ಹೆಂಗಸರು ನಮ್ಮ ಬೀದಿಯಲ್ಲಿ ಎಷ್ಟಿದ್ದರೆಂಬುದನ್ನು ನಾನು ಬಲ್ಲೆ.

ಹಾಗೆಂದು ಹೊಗೆಸೊಪ್ಪೊಂದನ್ನೇ ಅಪರಾಧಿ ಮಾಡಿದರೆ ಉಳಿದದ್ದೆಲ್ಲ ತಪ್ಪಿಸಿಕೊಳ್ಳುತ್ತದೆ. ಬಸುರಿಯ ದೇಹ ಒಂದು ಜಮಾ-ಖರ್ಚಿನ ಪುಸ್ತಕ. ತಿಂದದ್ದು ಜಮಾ, ದುಡಿದದ್ದು ಖರ್ಚು, ಉಳಿದದ್ದು ಮಗುವಿಗೆ. ಪುಣೆ ಸಮೀಪದ ಆರು ಹಳ್ಳಿಗಳಲ್ಲಿ 1993ರಿಂದ 1996ರವರೆಗೆ ವೈದ್ಯರು ಬಸುರಿಯರ ಊಟವನ್ನಷ್ಟೇ ಅಲ್ಲದೆ ಕೆಲಸವನ್ನೂ ಬರೆದಿಟ್ಟುಕೊಂಡರು. ಹೊಲದ ಕೆಲಸ, ನೀರು ಹೊರುವುದು, ಬಟ್ಟೆ ಒಗೆಯುವುದು, ಎಲ್ಲಕ್ಕೂ ಲೆಕ್ಕ ಇಟ್ಟರು. ಅತಿಯಾಗಿ ದುಡಿದವರ ಮಕ್ಕಳು ಹುಟ್ಟುವಾಗ ಚಿಕ್ಕದಾಗಿದ್ದವು. ಸೊಪ್ಪು, ಹಣ್ಣು, ಹಾಲು ಹೆಚ್ಚು ಸಲ ತಿಂದ ತಾಯಂದಿರ ಮಕ್ಕಳು ಕೊಂಚ ದೊಡ್ಡದಾಗಿದ್ದವು. ಆಫ್ರಿಕದ ಗ್ಯಾಂಬಿಯಾದ ಹಳ್ಳಿಗಳಲ್ಲಿ ಮಳೆಗಾಲವೆಂದರೆ ಹೊಲದ ಕೆಲಸ ಹೆಚ್ಚು, ಕಣಜ ಖಾಲಿ. ಆ ತಿಂಗಳುಗಳಲ್ಲಿ ಹುಟ್ಟುವ ಕೂಸುಗಳ ತೂಕ ಇಳಿಯುತ್ತಿತ್ತು. ಅಲ್ಲಿಯ ಬಸುರಿಯರಿಗೆ ಕಡಲೆಕಾಯಿ ಹಾಕಿ ಮಾಡಿದ ಬಿಸ್ಕತ್ತನ್ನು ದಿನಾ ಕೊಟ್ಟು ನೋಡಿದರು. 1997ರಲ್ಲಿ ಪ್ರಕಟವಾದ ಫಲಿತಾಂಶದಂತೆ ಮಕ್ಕಳ ತೂಕ ಸರಾಸರಿ 136 ಗ್ರಾಂ ಏರಿತು. ಹಸಿವಿನ ಕಾಲದಲ್ಲಂತೂ 201 ಗ್ರಾಂ. ಸತ್ತು ಹುಟ್ಟುವ ಮಕ್ಕಳೂ ಕಡಿಮೆಯಾದವು. ಒಂದು ಹಿಡಿ ಕಡಲೆಕಾಯಿಯ ಮಾತು ಇದು. ನಮ್ಮೂರ ಸಂತೆಯಲ್ಲಿ ರಾಶಿ ರಾಶಿ ಬಿದ್ದಿರುತ್ತದೆ.

ಬೀಡಿ ಕಟ್ಟುವವಳು ಕೂತೇ ಇರುತ್ತಾಳೆ, ಅವಳಿಗೇನು ಶ್ರಮ ಎನ್ನುವವರುಂಟು. ಚಕ್ಕಳಮಕ್ಕಳ ಹಾಕಿ ಹತ್ತು ಗಂಟೆ ಬಾಗಿ ಕೂತು ನೋಡಲಿ. ಅದಕ್ಕೆ ಮುಂಚೆ ನಲ್ಲಿಯ ನೀರು, ಆಮೇಲೆ ಒಲೆ, ನಡುವೆ ಬಟ್ಟೆ ಪಾತ್ರೆ, ಬೀಡಿ ಒಪ್ಪಿಸಲು ಎರಡು ಮೈಲಿ ನಡಿಗೆ. ಇನ್ನು ಊಟವೆಂದರೆ ಎಲ್ಲರದೂ ಆದ ಮೇಲೆ ತಳದಲ್ಲಿ ಉಳಿದದ್ದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಬಸುರಿಯರಲ್ಲಿ ಶೇ. 52ರಷ್ಟು ಮಂದಿಗೆ ರಕ್ತಹೀನತೆ. ಅಂದರೆ ಇಬ್ಬರಲ್ಲಿ ಒಬ್ಬಳು. ರಕ್ತವಿಲ್ಲದವಳಿಗೆ ಹೆರಿಗೆಯಲ್ಲಿ ಸ್ವಲ್ಪ ಸ್ರಾವವಾದರೂ ಜೀವಕ್ಕೆ ಬರುತ್ತದೆ. 2018–20ರ ಸರಕಾರಿ ಅಂಕಿ-ಅಂಶದಂತೆ ದೇಶದಲ್ಲಿ ಲಕ್ಷ ಹೆರಿಗೆಗೆ 97 ತಾಯಂದಿರು ಸಾಯುತ್ತಿದ್ದರು, ಕರ್ನಾಟಕದಲ್ಲಿ 69. ನನ್ನ ಬಾಲ್ಯದ ದಿನಗಳಿಗೆ ಹೋಲಿಸಿದರೆ ಇದು ಬಹಳ ದೊಡ್ಡ ಸುಧಾರಣೆ, ಸಂತೋಷಪಡಬೇಕಾದದ್ದೇ. ಆದರೆ ಸಾಯಲಿಲ್ಲ ಎಂಬುದು ಚೆನ್ನಾಗಿದ್ದಾಳೆ ಎಂಬುದರ ಲೆಕ್ಕವಲ್ಲ.

ಹೊರಗೆ ಹೋಗಿ ದುಡಿಯುವವರ ಕಥೆಯೂ ಇದೆ. 2000ದಲ್ಲಿ ಅಮೆರಿಕದ ವೈದ್ಯರು ಬೇರೆ ಬೇರೆ ಕಡೆ ನಡೆದ 29 ಅಧ್ಯಯನಗಳನ್ನು, ಒಂದೂವರೆ ಲಕ್ಷಕ್ಕೂ ಮೀರಿದ ಹೆಂಗಸರ ಲೆಕ್ಕವನ್ನು ಒಟ್ಟುಗೂಡಿಸಿ ನೋಡಿದರು. ಭಾರದ ಕೆಲಸ ಮಾಡುವವರಲ್ಲಿ ದಿನ ತುಂಬದ ಹೆರಿಗೆ, ಬೆಳವಣಿಗೆ ಕಡಿಮೆಯಾದ ಮಕ್ಕಳು, ರಕ್ತದೊತ್ತಡ ಹೆಚ್ಚು ಕಂಡವು. ಬಹಳ ಹೊತ್ತು ನಿಂತೇ ಇರುವುದೂ, ರಾತ್ರಿ ಪಾಳಿಯೂ ದಿನ ತುಂಬದ ಹೆರಿಗೆಯೊಂದಿಗೆ ಸೇರಿಕೊಂಡಿದ್ದವು. ಅಪಾಯದ ಹೆಚ್ಚಳ ಬೆಟ್ಟದಷ್ಟಲ್ಲ, ಆದರೆ ಇದೆ. ಇಲ್ಲಿ ನಾವು ಗಮನಿಸಬೇಕಾದದ್ದು, ಹಾನಿ ಕೆಲಸ ಎಂಬುದರಲ್ಲಿಲ್ಲ, ಕೆಲಸದ ರೀತಿಯಲ್ಲಿದೆ. ರೀತಿಯನ್ನು ಬದಲಾಯಿಸಬಹುದು.

ಬದಲಾಯಿಸುವುದು ಎಷ್ಟು ಅಗ್ಗ, ಎಷ್ಟು ಕಷ್ಟ ಎಂಬುದು ನನಗೆ 2006ರಲ್ಲಿ ತಿಳಿಯಿತು. ಆಗ ನಾನೊಂದು ಖಾಸಗಿ ಶಾಲೆಯಲ್ಲಿ ಟೀಚರು. ಏಳು ತಿಂಗಳ ಬಸುರಿ. ದಿನಕ್ಕೆ ಏಳು ಪೀರಿಯಡ್ಡು, ಎಲ್ಲವೂ ನಿಂತುಕೊಂಡೇ. ಸಂಜೆಗೆ ಕಾಲು ಊದಿ ಚಪ್ಪಲಿ ಹಿಡಿಸುತ್ತಿರಲಿಲ್ಲ. ಕ್ಲಾಸಿನಲ್ಲಿ ಒಂದು ಕುರ್ಚಿ ಹಾಕಿಸಿಕೊಡಿ ಎಂದು ಮುಖ್ಯಸ್ಥರಲ್ಲಿ ಕೇಳಿದೆ. ‘ಮೇಡಂ, ಟೀಚರು ಕೂತರೆ ಮಕ್ಕಳಿಗೆ ಶಿಸ್ತು ಹೇಗೆ ಬರುತ್ತೆ?’ ಎಂದರು. ಕೊನೆಗೆ ಶಾಲೆಯ ಆಯಾ, ತಾನು ಗೇಟಿನ ಹತ್ತಿರ ಕೂರುತ್ತಿದ್ದ ಸ್ಟೂಲನ್ನು ಸೆರಗಿನ ಮರೆಯಲ್ಲಿ ತಂದು ನನ್ನ ಮೇಜಿನ ಹಿಂದೆ ಇಟ್ಟಳು. ‘ಕೂತ್ಕೊಳ್ಳಿ ಅಮ್ಮಾ, ಸಾಹೇಬ್ರು ಬಂದ್ರೆ ಕೆಮ್ತೀನಿ’ ಎಂದಳು. ಅವಳ ಕೆಮ್ಮಿನ ಕಾವಲಿನಲ್ಲಿ ನಾನು ಕೊನೆಯ ಎರಡು ತಿಂಗಳು ಪಾಠ ಮಾಡಿದೆ. ಹೆರಿಗೆಗೆ ನಲವತ್ತೈದು ದಿನ ರಜೆ ಕೊಟ್ಟರು, ಸಂಬಳವಿಲ್ಲದೆ.

ಆಗ ಜಾರಿಯಲ್ಲಿದ್ದ ಕಾನೂನು ಏನು ಹೇಳುತ್ತಿತ್ತು ಎಂದು ಆಮೇಲೆ ಓದಿದೆ. ಈ ಕಾನೂನಿನ ಹಿಂದೆ ಉದ್ದನೆಯ ಚರಿತ್ರೆಯಿದೆ. 1928ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಹೆರಿಗೆ ಸೌಲಭ್ಯದ ಮಸೂದೆ ಬಂದಾಗ ಡಾ. ಅಂಬೇಡ್ಕರ್ ಅದರ ಪರವಾಗಿ ನಿಂತರು. ಹೆರಿಗೆಗೆ ಮುಂಚೆಯೂ ನಂತರವೂ ತಾಯಿಗೆ ವಿಶ್ರಾಂತಿ ಸಿಗುವುದು ದೇಶದ ಹಿತ ಎಂಬುದು ಅವರ ವಾದವಾಗಿತ್ತು. 1929ರಲ್ಲಿ ಅದು ಕಾನೂನಾಯಿತು. ದೇಶಕ್ಕೆಲ್ಲ ಅನ್ವಯಿಸುವ ಹೆರಿಗೆ ಸೌಲಭ್ಯ ಕಾಯ್ದೆ ಬಂದದ್ದು 1961ರಲ್ಲಿ. ಹನ್ನೆರಡು ವಾರ ಸಂಬಳ ಸಹಿತ ರಜೆ, ಹೆತ್ತ ಮೇಲೆ ಆರು ವಾರ ಕೆಲಸಕ್ಕೆ ಹಚ್ಚುವುದೇ ಅಪರಾಧ, ದಿನ ಸಮೀಪಿಸಿದಾಗ ಬಸುರಿ ಕೇಳಿಕೊಂಡರೆ ಬಹಳ ಹೊತ್ತು ನಿಲ್ಲುವ ಕೆಲಸ ಕೊಡಬಾರದು ಎಂದೆಲ್ಲ ಅದರಲ್ಲಿತ್ತು. 2017ರಲ್ಲಿ ತಿದ್ದುಪಡಿಯಾಗಿ ಮೊದಲ ಎರಡು ಮಕ್ಕಳಿಗೆ ರಜೆ 26 ವಾರಕ್ಕೆ ಏರಿತು, ಐವತ್ತು ಜನ ದುಡಿಯುವ ಕಡೆ ಶಿಶುಪಾಲನಾ ಕೇಂದ್ರ ಕಡ್ಡಾಯವಾಯಿತು. ಈಗ ಆ ಕಾಯ್ದೆ 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿಹೋಗಿದೆ. ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಆರು ವಾರ ಎಂಬುದನ್ನು ಓದಿದಾಗ ನನಗೆ ನಾನಿಯ ನಲವತ್ತು ದಿನದ ಚಿಲ್ಲಾ ನೆನಪಾಯಿತು. ಕಾನೂನಿನವರೂ ನಮ್ಮ ಅಜ್ಜಿಯರೂ ಬೇರೆ ಬೇರೆ ದಾರಿ ಹಿಡಿದು ಹೆಚ್ಚುಕಡಿಮೆ ಒಂದೇ ಲೆಕ್ಕಕ್ಕೆ ಬಂದಿದ್ದಾರೆ. ಎರಡನ್ನೂ ಮುರಿದದ್ದು ಮಾತ್ರ ಹೊಟ್ಟೆಪಾಡು.

ಬೀಡಿ ಕಟ್ಟುವವರಿಗೂ ಕಾನೂನಿರಲಿಲ್ಲವೆಂದಲ್ಲ. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಮನೆಯಲ್ಲಿ ಕೂತು ಕಟ್ಟುವವಳನ್ನೂ ಕಾರ್ಮಿಕಳೆಂದೇ ಕರೆಯಿತು, ಹೆರಿಗೆ ಸೌಲಭ್ಯವನ್ನು ಅವಳಿಗೂ ಅನ್ವಯಿಸಿತು. ಬೀಡಿ ಉದ್ಯಮದವರು ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. 1974ರಲ್ಲಿ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. ಹಾಗಾದರೆ ನನ್ನ ಛೋಟಿ ಖಾಲಾಗೆ ಯಾಕೆ ಒಂದು ರೂಪಾಯಿಯೂ ಬರಲಿಲ್ಲ? ಉತ್ತರ ಒಂದು ಸಣ್ಣ ಪಾಸ್‌ಬುಕ್ಕಿನಲ್ಲಿದೆ. ಮನೆಯಲ್ಲಿ ಕಟ್ಟುವವರು ನಾಲ್ಕು ಜನ, ಪಾಸ್‌ಬುಕ್ಕು ಒಂದೇ, ಅದೂ ಅತ್ತೆಯ ಹೆಸರಿನಲ್ಲಿ. ಖಾಲಾ ಹಗಲೂ ರಾತ್ರಿ ಕಟ್ಟಿದ ಬೀಡಿಯೆಲ್ಲ ಆ ಪುಸ್ತಕದಲ್ಲಿ ಅರವತ್ತು ದಾಟಿದ ಮುದುಕಿಯೊಬ್ಬಳ ದುಡಿಮೆಯಾಗಿ ನಮೂದಾಗುತ್ತಿತ್ತು. ಅರವತ್ತರ ಮುದುಕಿಗೆ ಹೆರಿಗೆ ಭತ್ಯೆ ಯಾರು ಕೊಡುತ್ತಾರೆ? ಸತ್ತು ಹುಟ್ಟಿದ ಮಗುವಿಗೆ ಹೇಗೆ ಹೆಸರಿಡಲಿಲ್ಲವೋ ಹಾಗೆ ಖಾಲಾನ ಕೆಲಸಕ್ಕೂ ಹೆಸರಿರಲಿಲ್ಲ.

ಒಂದೂ ಮುಕ್ಕಾಲು ಕೇಜಿಯ ಆ ಹುಡುಗಿ ಬದುಕಿ ಬೆಳೆದು ಹದಿನೆಂಟಕ್ಕೆ ಬೆಂಗಳೂರಿನ ಗಾರ್ಮೆಂಟ್ಸ್ ಸೇರಿದಳು. ‘ಆಪಾ, ನಾನು ಮಾತ್ರ ಮೊರ ಮುಟ್ಟೋಲ್ಲ’ ಎಂದು ನನಗೆ ಹೇಳಿಯೇ ಹೋದಳು. 2018ರಲ್ಲಿ ಅವಳಿಗೆ ಹೆರಿಗೆಯಾಯಿತು. ಇಎಸ್‌ಐ ಇದ್ದುದರಿಂದ 26 ವಾರದ ಸಂಬಳ ಅವಳ ಬ್ಯಾಂಕ್ ಖಾತೆಗೆ ಬಂತು. ಅವಳ ಖಾತೆಗೆ, ಅತ್ತೆಯ ಖಾತೆಗಲ್ಲ! ಮಗುವಿನ ತೂಕ ಎರಡೂವರೆ ಕೇಜಿಗಿಂತ ತುಸು ಮೇಲೆ. ಆಸ್ಪತ್ರೆಯವರು ಕಡಿಮೆ ತೂಕ ಎಂದು ಬರೆಯುವ ಗೆರೆಯೇ ಎರಡೂವರೆ. ಮಗು ಆ ಗೆರೆಯನ್ನು ದಾಟಿತ್ತು. ಚಿಕ್ಕದಾಗಿ ಹುಟ್ಟಿದ ಹೆಣ್ಣಿಗೆ ಚಿಕ್ಕ ಮಗು ಹುಟ್ಟುವ ಸಂಭವ ಹೆಚ್ಚು ಎನ್ನುತ್ತದೆ ವೈದ್ಯಶಾಸ್ತ್ರ. ಹುಟ್ಟುವಾಗಿನ ತೂಕ ಮುಂದೆ ಮಧ್ಯವಯಸ್ಸಿನ ಹೃದ್ರೋಗದವರೆಗೂ ತನ್ನ ನೆರಳು ಚಾಚುತ್ತದೆಂಬುದನ್ನು ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಕಾಪಾಡಿಕೊಂಡು ಬಂದ ಹೆರಿಗೆ ದಾಖಲೆಗಳಿಂದಲೂ ಸಂಶೋಧಕರು ತೋರಿಸಿದ್ದಾರೆ. ಅಂದಮೇಲೆ ಬಸುರಿಗೆ ಕೊಡುವ ವಿಶ್ರಾಂತಿ ಒಬ್ಬಳಿಗೆ ಕೊಟ್ಟದ್ದಲ್ಲ, ಎರಡು ಮೂರು ತಲೆಮಾರಿಗೆ ಕೊಟ್ಟದ್ದು.

ಗಾರ್ಮೆಂಟ್ಸ್ ಸ್ವರ್ಗವೆಂದು ನಾನು ಹೇಳುತ್ತಿಲ್ಲ. ಐದು ತಿಂಗಳಾಗುವವರೆಗೆ ಅವಳು ಬಸುರನ್ನು ಮುಚ್ಚಿಟ್ಟಿದ್ದಳು, ತಿಳಿದರೆ ಕೆಲಸದಿಂದ ಬಿಡಿಸಿಬಿಟ್ಟಾರು ಎಂಬ ಭಯಕ್ಕೆ. ಗಂಟೆಗೆ ಇಷ್ಟು ಪೀಸು ಎಂಬ ಟಾರ್ಗೆಟ್ಟು. ಟಾಯ್ಲೆಟ್ಟಿಗೆ ಎದ್ದರೆ ಸೂಪರ್‌ವೈಸರನ ಕಣ್ಣು. ಅದಕ್ಕೆ ಹೆದರಿ ನೀರನ್ನೇ ಕುಡಿಯದೆ ಮೂತ್ರದ ಸೋಂಕು ಹತ್ತಿಸಿಕೊಂಡಿದ್ದಳು. ಬಸುರಿಯಲ್ಲಿ ಮೂತ್ರದ ಸೋಂಕು ಬೆಳೆದರೆ ದಿನ ತುಂಬದ ಹೆರಿಗೆಗೂ ದಾರಿಯಾಗುತ್ತದೆ. ಅಂದರೆ ಇಲ್ಲಿ ಬೇಕಾಗಿದ್ದ ಔಷಧಿ ಒಂದು ಲೋಟ ನೀರು ಮತ್ತು ಐದು ನಿಮಿಷ. ಆದರೂ ಅವಳಿಗೂ ಅವಳ ತಾಯಿಗೂ ನಡುವೆ ಒಂದು ದೊಡ್ಡ ವ್ಯತ್ಯಾಸವಿತ್ತು. ಇವಳು ದುಡಿಯುತ್ತಾಳೆ ಎಂಬುದಕ್ಕೆ ಕಾಗದವಿತ್ತು.

ಈ ಸಂಗತಿಗಳನ್ನು ಒಮ್ಮೆ ಹೆಂಗಸರ ಸಭೆಯೊಂದರಲ್ಲಿ ಹೇಳಿದಾಗ ಹಿಂದೆ ಕೂತಿದ್ದ ಹಿರಿಯರೊಬ್ಬರು ಎದ್ದು, ‘ಅದಕ್ಕೇ ನಾವು ಹೇಳೋದು, ಹೆಣ್ಣುಮಕ್ಕಳನ್ನ ಕೆಲಸಕ್ಕೆ ಕಳಿಸಬಾರದು ಅಂತ’ ಎಂದರು. ಕೆಲವರು ತಲೆಯಾಡಿಸಿದರು. ನಾನು ಅವರಿಗೆ ಹೇಳಿದ್ದು ಇಷ್ಟೇ: ‘ಚಾಚಾ, ನಮ್ಮ ಬೀದಿಯ ಹೆಂಗಸರು ಎಲ್ಲೂ ಹೋಗಲಿಲ್ಲ. ಮನೆಯಲ್ಲೇ ಇದ್ದರು. ಮಕ್ಕಳು ಒಣಗಿದ್ದು ಮನೆಯಲ್ಲೇ.’ ದುಡಿಮೆ ಬಿಡಿ ಎಂದು ಹೇಳುವುದು ಸುಲಭ. ಬಿಟ್ಟ ದಿನ ಮನೆಗೆ ಬರುವ ಮೊಟ್ಟೆ, ಹಾಲು, ಕಬ್ಬಿಣದ ಮಾತ್ರೆಗಾಗಿ ಆಸ್ಪತ್ರೆಗೆ ಹೋಗುವ ಬಸ್ ಚಾರ್ಜು, ಇವೂ ನಿಲ್ಲುತ್ತವೆ. ಹೆಂಗಸಿನ ಕೈಯಲ್ಲಿ ಆಡುವ ದುಡ್ಡು ಮಕ್ಕಳ ತಟ್ಟೆಗೆ ಬೇಗ ಮುಟ್ಟುತ್ತದೆ. ಆದ್ದರಿಂದ ಕೇಳಬೇಕಾದದ್ದು ಕೆಲಸದಿಂದ ಬಿಡುಗಡೆಯನ್ನಲ್ಲ; ಕೂಲಿ ತಪ್ಪದ ವಿಶ್ರಾಂತಿಯನ್ನು.

ನಮ್ಮ ದೇಶದಲ್ಲಿ ದುಡಿಯುವವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಅಸಂಘಟಿತ ವಲಯದವರು. 26 ವಾರದ ರಜೆ ಅವರ ಬಾಗಿಲಿಗೆ ಬರುವುದಿಲ್ಲ. ಅವರಿಗೆಂದು 2013ರ ಆಹಾರ ಭದ್ರತಾ ಕಾಯ್ದೆ ಬಸುರಿ ಬಾಣಂತಿಯರಿಗೆ ಕನಿಷ್ಠ 6,000 ರೂಪಾಯಿ ಎಂದು ಹೇಳಿತು. 2017ರಲ್ಲಿ ಬಂದ ಪ್ರಧಾನಮಂತ್ರಿ ಮಾತೃವಂದನಾ ಯೋಜನೆ ಅದನ್ನು ಮೊದಲ ಮಗುವಿಗೆ 5,000, ಅದೂ ಕಂತಿನಲ್ಲಿ ಎಂದು ಮಾಡಿತು; ಎರಡನೆಯದು ಹೆಣ್ಣಾದರೆ ಮಾತ್ರ ಇನ್ನೊಮ್ಮೆ ಎಂಬುದು 2022ರ ಸೇರ್ಪಡೆ. ಎರಡನೆಯ ಬಸುರಿನಲ್ಲಿ ಗಂಡು ಹೊತ್ತವಳಿಗೆ ಹಸಿವಾಗುವುದಿಲ್ಲವೇ? ಪಕ್ಕದ ತಮಿಳುನಾಡು 1987ರಲ್ಲೇ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರ ಹೆಸರಿನಲ್ಲಿ ಬಡ ಬಸುರಿಯರಿಗೆ ನೆರವು ಶುರುಮಾಡಿ, 300 ರೂಪಾಯಿಯಿಂದ ಹೊರಟು 2018ರ ಹೊತ್ತಿಗೆ 18,000ಕ್ಕೆ ತಂದಿತು. ಕರ್ನಾಟಕ 2017ರ ಅಕ್ಟೋಬರ್ 2ರಂದು ಮಾತೃಪೂರ್ಣ ಯೋಜನೆಯಡಿ ಅಂಗನವಾಡಿಯಲ್ಲಿ ಬಸುರಿ ಬಾಣಂತಿಯರಿಗೆ ಬಿಸಿಯೂಟ ಆರಂಭಿಸಿತು. ಒಳ್ಳೆಯ ಯೋಜನೆ. ನಮ್ಮ ಬೀದಿಯ ಸೊಸೆಯೊಬ್ಬಳನ್ನು ‘ಊಟಕ್ಕೆ ಹೋಗಲ್ವಾ ಬೇಟಿ?’ ಎಂದು ಕೇಳಿದೆ. ‘ಹೋಗಿ ಬರೋಕೆ ಒಂದು ಗಂಟೆ ಆಪಾ, ಅಷ್ಟರಲ್ಲಿ ನೂರು ಬೀಡಿ’ ಎಂದಳು. ಊಟದ ಬೆಲೆಯನ್ನು ಅವಳು ಬೀಡಿಯಲ್ಲಿ ಅಳೆಯುತ್ತಿದ್ದಳು. ಊಟ ಕೊಟ್ಟು ಕೂಲಿ ಕೊಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ವರದಿ ಬೇಕಿಲ್ಲ.

ಸರಕಾರ ಮಾಡಬೇಕಾದದ್ದು ಬಹಳವಿದೆ. ಮನೆಯಲ್ಲಿ ಕೂತು ಬೀಡಿ, ಅಗರಬತ್ತಿ, ಬಟನ್ನು, ಜರಿ ಎಂದು ದುಡಿಯುವ ಪ್ರತಿಯೊಬ್ಬಳ ಹೆಸರಿನಲ್ಲೂ ಪ್ರತ್ಯೇಕ ದಾಖಲೆ ಬೇಕು. ಕೊನೆಯ ಎರಡು ತಿಂಗಳು, ಹೆತ್ತ ಮೇಲೆ ಕನಿಷ್ಠ ಮೂರು ತಿಂಗಳು, ಅವಳು ಕಳೆದುಕೊಳ್ಳುವ ಕೂಲಿಗೆ ಸಮನಾದ ಹಣ ಅವಳ ಕೈಗೇ ಸೇರಬೇಕು. ಆದರೆ ಅಲ್ಲಿಯವರೆಗೆ ಕಾಯದೆ ಮಾಡಬಹುದಾದದ್ದೂ ಇದೆ. ಬಸುರಿಯಿರುವ ಕೋಣೆಯಿಂದ ಹೊಗೆಸೊಪ್ಪಿನ ಡಬ್ಬಿ ಆಚೆ ಹೋಗಲಿ. ಸೊಪ್ಪು ತುಂಬುವ ಕೆಲಸವನ್ನು ಬೇರೆಯವರು ವಹಿಸಿಕೊಳ್ಳಲಿ. ಕೈ ಸೋಪಿನಿಂದ ತೊಳೆಯದೆ ಯಾರೂ ಊಟಕ್ಕೆ ಕೂರದಿರಲಿ, ಮಗುವಿಗೆ ಹಾಲೂಡದಿರಲಿ. ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಲಿ, ಗೋಡೆಗೆ ಒಂದು ದಿಂಬು ಇರಲಿ. ಮೊದಲ ತಟ್ಟೆ ಅವಳದಾಗಲಿ. ಇದರಲ್ಲಿ ಯಾವುದಕ್ಕೂ ಶಾಸನಸಭೆಯ ಅಪ್ಪಣೆ ಬೇಕಿಲ್ಲ. ಅತ್ತೆಯ ಅಪ್ಪಣೆ, ಗಂಡನ ಒಂದಿಷ್ಟು ನಾಚಿಕೆ ಸಾಕು.

ಇನ್ನೊಂದು ಮಾತು ಆರೋಗ್ಯ ಕೇಂದ್ರದವರಿಗೆ. ಕಳೆದ ವರ್ಷ ಅದೇ ಸೊಸೆಯನ್ನು ತಪಾಸಣೆಗೆ ಕರೆದುಕೊಂಡು ಹೋಗಿದ್ದೆ. ಸಿಸ್ಟರು ತೂಕ ನೋಡಿ, ರಕ್ತ ನೋಡಿ, ‘ಕೆಲಸಕ್ಕೆ ಹೋಗ್ತೀಯೇನಮ್ಮಾ?’ ಎಂದು ಕೇಳಿದರು. ಅವಳು ನನ್ನ ಕಡೆ ತಿರುಗಿ, ‘ಕುಛ್ ನೈ, ಘರ್‌ಮೇಚ್ ಹೂಂ’ ಎಂದಳು. ಏನೂ ಇಲ್ಲ, ಮನೆಯಲ್ಲೇ ಇದ್ದೀನಿ. ಅವಳು ಸುಳ್ಳು ಹೇಳಲಿಲ್ಲ. ಅವಳ ಮಟ್ಟಿಗೆ ಅದು ಕೆಲಸವೇ ಅಲ್ಲ, ಏಕೆಂದರೆ ಅದನ್ನು ಕೆಲಸವೆಂದು ಇದುವರೆಗೆ ಯಾರೂ ಅವಳಿಗೆ ಹೇಳಿಲ್ಲ. ನಾನು ಅವಳ ಬಲಗೈಯನ್ನು ಹಿಡಿದು ಮೇಜಿನ ಮೇಲಿಟ್ಟು ಸಿಸ್ಟರಿಗೆ ತೋರಿಸಿದೆ. ದಾರ ಎಳೆದೆಳೆದು ಬೆರಳಿನ ಪಕ್ಕದಲ್ಲಿ ಬಿದ್ದ ಗೀರು, ಕತ್ತರಿಯ ಜಡ್ಡು, ಉಗುರಿನ ಸುತ್ತ ಸೊಪ್ಪಿನ ಕಂದು. ಸಿಸ್ಟರು ಒಂದು ಕ್ಷಣ ನೋಡಿದರು. ಆಮೇಲೆ ಪೆನ್ನೆತ್ತಿಕೊಂಡು, ‘ದಿನಕ್ಕೆ ಎಷ್ಟು ಹೊತ್ತು ಕೂತ್ಕೊಳ್ತೀಯಮ್ಮಾ?’ ಎಂದು ಕೇಳಿದರು.

ಇಷ್ಟು ವರ್ಷಗಳಲ್ಲಿ ನಮ್ಮ ಬೀದಿಯ ಒಬ್ಬ ಬಸುರಿಯನ್ನು ಯಾರಾದರೂ ಆ ಪ್ರಶ್ನೆ ಕೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.